ಇವರ ಬದಲು ನಾನು ಹೇಳಿದ ಯುದ್ಧಗಳು

ಜನವರಿ ೧೪, ಮಂಗಳವಾರ

ಇವತ್ತು ಇವರ ಎದುರಿಗೇ ಇವರ ಬಗ್ಗೆ ಸುಳ್ಳು ಹೇಳಿದೆ.

ಫೋನ್ ಮಾಡಿದ್ದು ಕೀತ್. ಕೆಂಟನ್ನಿನ ಕಮ್ಯುನಿಟಿ ಹಾಲಿನಲ್ಲಿ ಗುರುವಾರ ಮಧ್ಯಾಹ್ನ ಸೇರುವ ಇತಿಹಾಸ ಬಳಗವನ್ನು ನಡೆಸುವವನು. ಇವರು ನಿವೃತ್ತರಾದಾಗಿನಿಂದ ಪ್ರತಿ ಚಳಿಗಾಲವೂ ಅಲ್ಲಿ ಅಮೆರಿಕದ ಅಂತರ್ಯುದ್ಧದ ಬಗ್ಗೆ ಮಾತಾಡುತ್ತ ಬಂದಿದ್ದಾರೆ. ಲಂಡನ್ನಿನ ನೀರಿನ ಕೊಳವೆಗಳ ಇಂಜಿನಿಯರ್ ಆಗಿ ದುಡಿದವರಿಗೆ ಆ ಯುದ್ಧದಲ್ಲಿ ಕಂಡದ್ದೂ ನೀರೇ. ಯಾವ ನದಿ ಯಾರ ಕೈಯಲ್ಲಿತ್ತು, ಯಾವ ಕೋಟೆ ಯಾವ ತಿರುವಿನಲ್ಲಿ ಕೂತಿತ್ತು, ಅದೇ ಅವರ ಲೆಕ್ಕ. ಈ ವರ್ಷದ ನಾಲ್ಕು ಉಪನ್ಯಾಸಗಳಿಗೆ 'ನೆಲದ ಮೇಲೆ, ನೀರಿನ ಮೇಲೆ' ಎಂದು ಹೆಸರಿಟ್ಟಿದ್ದರು. ಫೆಬ್ರವರಿಯಲ್ಲಿ ಶುರುವಾಗಬೇಕು.

"ಶರಣ್ ಎಲ್ಲಿ? ನನ್ನ ಮೇಲ್‌ಗಳಿಗೆ ಉತ್ತರವೇ ಇಲ್ಲವಲ್ಲ," ಎಂದು ಕೀತ್ ಕೇಳಿದ.

"ಇಂಡಿಯಾಕ್ಕೆ ಹೋಗಿದ್ದಾರೆ. ಅವರ ಅಣ್ಣನಿಗೆ ಹುಷಾರಿಲ್ಲ," ಎಂದೆ.

ಶಾಲೆಯ ಆಫೀಸಿನಲ್ಲಿ ಇಪ್ಪತ್ತು ವರ್ಷ ಫೋನ್ ಎತ್ತಿದವಳು ನಾನು. ದನಿ ಒಂದಿಷ್ಟೂ ಅಲುಗಲಿಲ್ಲ. ಇವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡಿದರು. ನವೆಂಬರಿನ ಸ್ಟ್ರೋಕ್ ಇವರ ಬಲಗೈಯನ್ನೂ ಮಾತನ್ನೂ ಕಸಿದುಕೊಂಡಿದೆ, ಕಿವಿಯನ್ನಲ್ಲ, ಬುದ್ಧಿಯನ್ನೂ ಅಲ್ಲ. ಇಂಗ್ಲಿಷ್ ಪೂರ್ತಿ ಹೋಗಿದೆ. ಕನ್ನಡದ ಕೆಲವು ಮಾತು ಉಳಿದಿವೆ. ಅವೂ ಬೇಕಾದಾಗ ಬರುವುದಿಲ್ಲ, ಬೇಡವಾದಾಗ ಬರುತ್ತವೆ.

ಡಿಸೆಂಬರಿನಲ್ಲಿ ಹ್ಯಾರೋದ ಕಿರಾಣಿ ಅಂಗಡಿಗೆ ಕರೆದೊಯ್ದಿದ್ದೆ. ಜೋಳದ ಹಿಟ್ಟು ಕೇಳಲು ಹೋದರು. 'ಜೋ' ಅನ್ನುವುದೂ ಬಾಯಿಗೆ ಬರಲಿಲ್ಲ. ಮುಖ ಕೆಂಪಗಾಯಿತು. ಕೌಂಟರ್ ತಟ್ಟಿ "ಅವನವ್ವನ!" ಎಂದುಬಿಟ್ಟರು. ಮತ್ತೆ ಮತ್ತೆ ಅದೇ. ಮದುವೆಯಾದಾಗಿನಿಂದ ಇವರ ಬಾಯಲ್ಲಿ ಒಂದು ಬೈಗುಳ ಕೇಳಿದವಳಲ್ಲ ನಾನು. ನಮ್ಮ ಹಿಂದೆಯೇ ಸಾಲಿನಲ್ಲಿ ಮುಕುಂದ, ಅವನ ಹೆಂಡತಿ ಗಾರ್ಗಿ ನಿಂತಿದ್ದರು. ಧಾರವಾಡದವರು, ನನ್ನ ಊರಿನವರೇ. ಗಾರ್ಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಾನು ಹಿಟ್ಟು ಅಲ್ಲೇ ಬಿಟ್ಟು, ಇವರ ತೋಳು ಹಿಡಿದು ಹೊರಗೆ ಬಂದೆ. ಅವತ್ತಿನಿಂದ ಆಸ್ಪತ್ರೆ ಬಿಟ್ಟರೆ ಬೇರೆಲ್ಲೂ ಕರೆದೊಯ್ದಿಲ್ಲ. ಮುಕುಂದನ ಫೋನ್ ಬಂದರೆ ಎತ್ತುವುದಿಲ್ಲ.

ಇದು ಇವರ ಮರ್ಯಾದೆಗಾಗಿ. ಕಮ್ಯುನಿಟಿ ಹಾಲಿನ ಜನ ಇವರನ್ನು ಮೊದಲಿನ ಹಾಗೆಯೇ ನೆನಪಿಟ್ಟುಕೊಳ್ಳಲಿ.

ಜನವರಿ ೧೭, ಶುಕ್ರವಾರ

ಕೀತ್ ಮತ್ತೆ ಫೋನ್ ಮಾಡಿದ. ಪೋಸ್ಟರ್ ಹಚ್ಚಿ ಆಗಿದೆಯಂತೆ. ಶರಣ್ ಟಿಪ್ಪಣಿ ಬರೆದಿಟ್ಟಿದ್ದರೆ ಬೇರೆ ಯಾರಾದರೂ ಓದಬಹುದಲ್ಲ ಎಂದ. "ನಾನೇ ಓದುತ್ತೇನೆ," ಎಂದೆ. ಯಾಕೆ ಹಾಗಂದೆನೋ. ಬೇರೆ ಯಾರಾದರೂ ಟಿಪ್ಪಣಿ ತೆಗೆದುಕೊಳ್ಳಲು ಮನೆಗೆ ಬಂದರೆ ಇವರನ್ನು ನೋಡುತ್ತಾರೆ ಎಂಬ ಹೆದರಿಕೆಗೆ ಇರಬೇಕು.

ಊಟವಾದ ಮೇಲೆ ಕೇಳಿದೆ. "ನಿಮ್ಮ ಬದ್ಲಿ ನಾ ಓದ್ಲೇನ್ರಿ? ಎಲ್ಲಾ ಬರದ ಇಟ್ಟೀರಿ. ಬರೇ ಓದೂದು."

"ಬ್ಯಾಡ," ಎಂದರು.

ಮಾತಿನ ಥೆರಪಿಸ್ಟ್ ಮೊದಲೇ ಹೇಳಿದ್ದಾಳೆ. ಇವರಿಗೆ ಹೌದು-ಅಲ್ಲ, ಬೇಕು-ಬೇಡ ಅದಲುಬದಲಾಗುತ್ತವೆ, ಬಾಯಿ ಹೇಳಿದ್ದನ್ನೇ ನಂಬಬೇಡಿ, ಇನ್ನೊಮ್ಮೆ ಕೇಳಿ, ಕೈಯಿಂದ ತೋರಿಸಲು ಹೇಳಿ ಎಂದು.

ಬೇಡ ಎಂದರೆ ಬೇಕು ಎಂದೂ ಇರಬಹುದು. ನಾನು ತಟ್ಟೆ ತೆಗೆದುಕೊಂಡು ಸಿಂಕಿನ ಕಡೆ ಹೋದೆ.

ಫೆಬ್ರವರಿ ೬, ಗುರುವಾರ

ಮೊದಲನೆಯದು ಮುಗಿಯಿತು.

ಹಾಲಿನಲ್ಲಿ ಹೀಟರ್ ಇದ್ದರೂ ಎಲ್ಲರೂ ಕೋಟು ಹಾಕಿಕೊಂಡೇ ಕೂತಿದ್ದರು. ಟೆನೆಸಿ ನದಿಯ ಮೇಲಿನ ಹೆನ್ರಿ ಕೋಟೆ, ಪಕ್ಕದ ಕಂಬರ್ಲೆಂಡ್ ನದಿಯ ಮೇಲಿನ ಡೊನೆಲ್ಸನ್ ಕೋಟೆ. ೧೮೬೨ರ ಫೆಬ್ರವರಿಯಲ್ಲಿ ಉತ್ತರದವರ ಕಬ್ಬಿಣ ಹೊದ್ದ ಹಡಗುಗಳು ನದಿಯಲ್ಲಿ ಮೇಲೆ ಬಂದವು, ಸೈನ್ಯ ಕೆಸರಿನಲ್ಲಿ ನಡೆದು ಬಂತು. ಮೊದಲಿನ ಕೋಟೆ ಹಡಗುಗಳಿಗೇ ಸೋತಿತು. ಎರಡನೆಯದು ಹಡಗುಗಳನ್ನು ಬಡಿದು ಹಿಂದಕ್ಕಟ್ಟಿತು, ಕೊನೆಗೆ ಕಾಲಾಳುಗಳಿಗೆ ಮಣಿಯಿತು. ತಲೆ ಎತ್ತದೆ ಓದಿದೆ. ಸಮಯ ಸಾಲದೆಂದು ಅಲ್ಲಲ್ಲಿ ಬಿಟ್ಟೆ. ಕೊನೆಗೆ ಎಲ್ಲರೂ "ಶರಣ್‌ಗೆ ನಮ್ಮ ನೆನಪು ತಿಳಿಸಿ, ಬೇಗ ಬರಲಿ," ಎಂದರು. ತಿಳಿಸುತ್ತೇನೆ ಎಂದೆ.

ಮನೆಗೆ ಬಂದಾಗ ಇವರು ಊಟದ ಮೇಜಿನ ಹತ್ತಿರ ಕಾಯುತ್ತಿದ್ದರು. "ಹೆನ್ರಿ ಕೋಟಿ ಹಡಗದಾವ್ರ ತೋಪಿಗೆ ಬಿತ್ತು ಅಂತ ಹೇಳಿದ್ನಿ. ಛಲೋ ಆತು," ಎಂದೆ. ತಲೆ ಅಲ್ಲಾಡಿಸಿದರು. "ನೀರು," ಎಂದರು. ಕುಡಿಯಲು ಲೋಟದಲ್ಲಿ ಕೊಟ್ಟೆ. ಕುಡಿಯಲಿಲ್ಲ. ಎಡಗೈಯಿಂದ ತಟ್ಟೆಯಲ್ಲಿ ಒಂದು ಬಿಸ್ಕತ್ತು ಇಟ್ಟು, ಅದರ ಸುತ್ತ ನೀರು ಸುರಿಯತೊಡಗಿದರು. ತಟ್ಟೆ ತುಂಬಿತು, ಮೇಜಿನ ಬಟ್ಟೆ ತೊಯ್ದಿತು, ನೀರು ನೆಲಕ್ಕೆ ಇಳಿಯಿತು. ಆದರೂ ನನ್ನ ಮುಖ ನೋಡುತ್ತ ಸುರಿಯುತ್ತಲೇ ಇದ್ದರು.

"ಏನ್ ಹುಡುಗಾಟಗಿ ಹಚ್ಚೀರಿ ಇದು! ಒರಸಾಕಿ ನಾ ಅಲ್ಲೇನು?" ಎಂದು ಲೋಟ ಕಸಿದುಕೊಂಡೆ.

ಎದ್ದು ಒಳಗೆ ಹೋದರು.

ಫೆಬ್ರವರಿ ೧೧, ಮಂಗಳವಾರ

ನಾನು ಬಿಟ್ಟ ಪುಟಗಳನ್ನು ಇವತ್ತು ಓದಿದೆ. ಹೆನ್ರಿ ಕೋಟೆಯನ್ನು ತಗ್ಗಿನಲ್ಲಿ ಕಟ್ಟಿದ್ದರಂತೆ. ಯುದ್ಧದ ದಿನ ನದಿ ಉಕ್ಕಿ ಕೋಟೆಯೊಳಗೇ ನುಗ್ಗಿತ್ತು. ಶರಣಾಗತಿ ಪಡೆಯಲು ಬಂದ ನೌಕಾಪಡೆಯ ದೋಣಿ ಕೋಟೆಯ ಬಾಗಿಲಿನಿಂದ ತೇಲಿಕೊಂಡೇ ಒಳಗೆ ಬಂತಂತೆ.

ಬಿಸ್ಕತ್ತು ಕೋಟೆ. ಇವರು ನನ್ನ ತಪ್ಪು ತಿದ್ದುತ್ತಿದ್ದರು.

ಹೋಗಿ ಹೇಳಬೇಕಿತ್ತು. ಇವರು ಟಿವಿ ನೋಡುತ್ತಿದ್ದರು. ಮೇಜಿನ ಬಟ್ಟೆ ಇಸ್ತ್ರಿ ಮಾಡಿ ಮತ್ತೆ ಹಾಸಿದೆ.

ಫೆಬ್ರವರಿ ೨೦, ಗುರುವಾರ

ಇವತ್ತು ಕಾಗದ ನೋಡದೆ ಮಾತಾಡಿದೆ! ವಾರವೆಲ್ಲ ಅಡುಗೆ ಮಾಡುತ್ತ ಬಾಯಿಪಾಠ ಮಾಡಿದ್ದು ವ್ಯರ್ಥವಾಗಲಿಲ್ಲ.

ಹ್ಯಾಂಪ್ಟನ್ ರೋಡ್ಸ್. ಹೆಸರು ರಸ್ತೆಯದ್ದಾದರೂ ಅದು ನದಿಗಳು ಕಡಲು ಸೇರುವ ಜಾಗ. ದಕ್ಷಿಣದವರ 'ವರ್ಜೀನಿಯಾ' ಎಂಬ ಕಬ್ಬಿಣದ ಹಡಗು ಮೊದಲ ದಿನ ಉತ್ತರದವರ ಎರಡು ಮರದ ಹಡಗುಗಳನ್ನು ಮುಗಿಸಿತು. ಮಾರನೆಯ ದಿನ ಅದರೆದುರಿಗೆ 'ಮಾನಿಟರ್' ಬಂತು. ಪುಟ್ಟದು, ಸುತ್ತ ತಿರುಗುವ ಗೋಪುರದೊಳಗೆ ಎರಡು ತೋಪು. ಕಬ್ಬಿಣಕ್ಕೆ ಕಬ್ಬಿಣ, ಗಂಟೆಗಟ್ಟಲೆ ಹೊಡೆದಾಡಿದರೂ ಯಾರೂ ಗೆಲ್ಲಲಿಲ್ಲ. ಜನಕ್ಕೆ ಹಿಡಿಸಿದ್ದು ಮಾತಿನ ಕೊಳವೆಯ ಕತೆ. ಕ್ಯಾಪ್ಟನ್ ಹಡಗಿನ ಮುಂದಿನ ಗೂಡಿನಲ್ಲಿ. ಅವನಿಗೆ ಕಾಣುತ್ತದೆ, ಹೊಡೆಯಲು ಬರುವುದಿಲ್ಲ. ತೋಪಿನವರು ಗೋಪುರದಲ್ಲಿ. ಅವರಿಗೆ ಹೊಡೆಯಲು ಬರುತ್ತದೆ, ಸರಿಯಾಗಿ ಕಾಣುವುದಿಲ್ಲ. ನಡುವಿನ ಕೊಳವೆ ಶುರುವಿಗೇ ಮುರಿಯಿತು. ಮಾತು ಒಯ್ಯಲು ಇಬ್ಬರನ್ನು ಓಡಾಡಿಸಿದರು. ಅವರು ಹಡಗಿನ ವಿದ್ಯೆ ಕಲಿತವರಲ್ಲ, ಕ್ಯಾಪ್ಟನ್ ಹೇಳಿದ್ದು ಒಂದು, ಗೋಪುರಕ್ಕೆ ಮುಟ್ಟಿದ್ದು ಇನ್ನೊಂದು ಆಗುತ್ತಿತ್ತಂತೆ. ಅದನ್ನು ನಾನು ಕೈ ಬೀಸಿ, ಓಡಿದ ಹಾಗೆ ಮಾಡಿ ಹೇಳಿದಾಗ ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರು.

"ಇಷ್ಟು ದಿನ ನಿಮ್ಮನ್ನು ಶರಣ್ ಎಲ್ಲಿ ಬಚ್ಚಿಟ್ಟಿದ್ದರು?" ಎಂದು ಕೀತ್ ಕೇಳಿದ.

ಚಹಾ, ಲೆಮನ್ ಕೇಕ್. ಎಲ್ಲರ ನಡುವೆ ಕೂತೆ. ಮದುವೆಯಾಗಿ ಬಂದ ಮೇಲೆ ಈ ದೇಶದಲ್ಲಿ ಯಾರೂ ನನ್ನ ಮಾತು ಕೇಳಲೆಂದು ಸುತ್ತ ಕೂತದ್ದು ನೆನಪಿಲ್ಲ. ಎದ್ದಾಗ ಹೊರಗೆ ಕತ್ತಲಾಗುತ್ತಿತ್ತು.

ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಇವರು ಬಾತ್‌ರೂಮಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ಪ್ಯಾಂಟು ತೊಯ್ದಿತ್ತು. ಬೆಳಗ್ಗೆ ಆತುರದಲ್ಲಿ ನಾನು ಇವರಿಗೆ ಎಲಾಸ್ಟಿಕ್ಕಿನ ಪ್ಯಾಂಟು ಹಾಕದೆ ಗುಂಡಿಯದ್ದು ಹಾಕಿದ್ದೆ. ಒಂದೇ ಕೈಯಲ್ಲಿ ಬಿಚ್ಚಲಾಗಿಲ್ಲ. ಕೂತರೆ ಸೋಫಾ ಹಾಳಾಗುತ್ತದೆಂದು ನಿಂತೇ ಇದ್ದರು. ಎಷ್ಟು ಹೊತ್ತಿನಿಂದಲೋ, ಕಾಲು ತಣ್ಣಗಾಗಿದ್ದವು.

ಸ್ನಾನ ಮಾಡಿಸಿದೆ. "ಬಸ್ ಬರಲೇ ಇಲ್ರಿ," ಎಂದೆ. "ಎಷ್ಟ ಹೊತ್ತು ನಿಂತ್ನಿ ಸ್ಟಾಪಿನ್ಯಾಗ."

ಇವರು ನನ್ನ ಮುಖ ಒರೆಸಿದರು. ಗಲ್ಲದ ಮೇಲೆ ಕೇಕಿನ ಸಕ್ಕರೆ ಇತ್ತು.

ಫೆಬ್ರವರಿ ೨೩, ಭಾನುವಾರ

ಕೊಲಿಂಡೇಲ್‌ನಿಂದ ಮಗಳು ಅಂಕಿತಾ ಬಂದಿದ್ದಳು. ಅಪ್ಪನ ಪಕ್ಕ ಕೂತು ಫೋನಿನಲ್ಲಿ ಚಿತ್ರಗಳನ್ನು ತೋರಿಸುತ್ತ ಏನೇನೋ ಕೇಳುತ್ತಿದ್ದಳು. ಕಮ್ಯುನಿಟಿ ಹಾಲಿನ ಚಿತ್ರ ಬಂದಾಗ ಇವರು ಅದರ ಮೇಲೆ ಬೆರಳಿಟ್ಟು ತೆಗೆಯಲೇ ಇಲ್ಲವಂತೆ. ಅಡುಗೆಮನೆಗೆ ಬಂದು ಇಂಗ್ಲಿಷಿನಲ್ಲಿ ಕೇಳಿದಳು, "ಅಪ್ಪನಿಗೆ ಅಲ್ಲಿಗೆ ಹೋಗಬೇಕಂತೆ. ಯಾಕೆ ಕರೆದುಕೊಂಡು ಹೋಗುತ್ತಿಲ್ಲ?"

"ಅಲ್ಲಿ ಅಷ್ಟ ಮಂದಿ ಮುಂದ ಮಾತು ಬರಲಿಲ್ಲಂದ್ರ ಅವರಿಗೆ ಎಷ್ಟ ಸಂಕಟ ಆಗ್ತೈತಿ, ನಿನಗ ತಿಳಿಯೂದಿಲ್ಲ."

"ಅವರಿಗಾ? ನಿನಗಾ?"

ನಾನು ಚಪಾತಿ ಲಟ್ಟಿಸುತ್ತಿದ್ದೆ. ಲಟ್ಟಿಸುತ್ತಲೇ ಇದ್ದೆ.

"ಅಮ್ಮ, ನಿನಗೆ ಅಪ್ಪ ಅಂದರೆ ನಾಚಿಕೆಯಾ?"

"ದಿನಾ ತೊಳಿಯಾಕಿ ನಾನು, ಉಣಸಾಕಿ ನಾನು. ತಿಂಗಳಿಗೆ ಎರಡ ಸಲ ಬಂದು ನೀ ನನಗ ಕೇಳ್ತಿ?" ಎಂದೆ. ಜೋರಾಗಿಯೇ. ಅಂಕಿತಾ ಊಟ ಮಾಡದೆ ಹೋದಳು. ನಾನು ಹೇಳಿದ್ದು ನಿಜ. ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲ, ಅಷ್ಟೇ.

ಮಾರ್ಚ್ ೬, ಗುರುವಾರ

ಬರೆಯಲು ಮನಸ್ಸಿಲ್ಲ. ಬರೆಯದೆ ಮಲಗಲೂ ಆಗುವುದಿಲ್ಲ.

ಇವತ್ತಿನದು ವಿಕ್ಸ್‌ಬರ್ಗ್. ಮಿಸಿಸಿಪಿ ನದಿಯ ಗುಡ್ಡದ ಮೇಲಿನ ಊರು. ಹಡಗುಗಳು ರಾತ್ರಿ ಅದರ ತೋಪುಗಳ ಕೆಳಗೆ ನುಸುಳಿ ಹೋದವು, ಸೈನ್ಯ ಹಿಂದಿನಿಂದ ಬಳಸಿ ಬಂದು ಮುತ್ತಿಗೆ ಹಾಕಿತು. ಊರ ಜನ ಗುಡ್ಡದಲ್ಲಿ ಗವಿ ತೋಡಿಕೊಂಡು ಬದುಕಿದರು, ಹೇಸರಗತ್ತೆಯ ಮಾಂಸ ತಿಂದರು. ಗವಿಯ ಕತೆಯನ್ನು ಜನ ಕಣ್ಣರಳಿಸಿ ಕೇಳುತ್ತಾರೆಂದು ನಾನು ಅದನ್ನೇ ಹಿಗ್ಗಿಸಿದೆ. ಸಮಯ ಹೊಂದಿಸಲು ಇವರ ಒಂದು ಸ್ಲೈಡ್ ತೆಗೆದುಬಿಟ್ಟಿದ್ದೆ. ಮಿಲಿಕನ್ಸ್ ಬೆಂಡ್ ಎಂಬ ಜಾಗದ್ದು. ಹೆಸರೇ ಯಾರಿಗೂ ಗೊತ್ತಿರಲಿಕ್ಕಿಲ್ಲ ಅಂದುಕೊಂಡೆ.

ಪ್ರಶ್ನೆಗಳ ಹೊತ್ತಿಗೆ ಪರ್ಲ್ ಎದ್ದು ನಿಂತಳು. ಜಮೈಕಾ ಕಡೆಯ ಹಿರಿಯಾಕೆ, ನಿವೃತ್ತ ನರ್ಸ್, ಪ್ರತಿ ಸಲ ಮುಂದಿನ ಸಾಲಿನಲ್ಲಿ ಕೂರುವವಳು. "ಈ ನದಿಯ ದಂಡೆಯ ತೋಟಗಳಲ್ಲಿ ನನ್ನಂಥ ಕರಿಯ ಜನ ಗುಲಾಮರಾಗಿದ್ದರು. ಮೂರು ಉಪನ್ಯಾಸ ಕೇಳಿದೆ. ಈ ಯುದ್ಧದಲ್ಲಿ ಅವರು ಏನು ಮಾಡುತ್ತಿದ್ದರು?"

ಗೊತ್ತಿಲ್ಲ ಎನ್ನಬಹುದಿತ್ತು. ಚಪ್ಪಾಳೆಯ ರುಚಿ ಹತ್ತಿತ್ತಲ್ಲ. "ಆ ಹೊತ್ತಿಗೆ ಅವರಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಬಿಡುಗಡೆಗಾಗಿ ಕಾಯುತ್ತಿದ್ದರು," ಎಂದೆ.

"ಹಾಗೇನು?" ಎಂದಳು. "ನಿಮ್ಮ ಯಜಮಾನರು ಹೋದ ವರ್ಷ ಬೇರೆ ಹೇಳಿದ್ದರು. ವಿಕ್ಸ್‌ಬರ್ಗಿನ ಹತ್ತಿರವೇ ಕರಿಯ ಸೈನಿಕರು ಹೋರಾಡಿ ಸತ್ತರು, ಮುಂದಿನ ಸಲ ಪೂರ್ತಿ ಹೇಳುತ್ತೇನೆ ಎಂದು ನನಗೆ ಮಾತು ಕೊಟ್ಟಿದ್ದರು. ನಾನು ಬಂದದ್ದೇ ಅದಕ್ಕೆ."

ನಾನು ತೆಗೆದುಹಾಕಿದ ಸ್ಲೈಡ್ ಅದೇ. ಅದು ಪರ್ಲ್‌ಗೆಂದು ಇವರು ಮಾಡಿದ್ದು.

ಕೀತ್ ನನ್ನನ್ನು ಕಾಪಾಡಲು ನಡುವೆ ಬಂದ. "ಶರಣ್ ಇಂಡಿಯಾದಿಂದ ಬಂದ ಮೇಲೆ ಕೇಳೋಣ," ಎಂದ.

ಆಗ ಹಿಂದಿನಿಂದ ಒಂದು ದನಿ. "ಇಂಡಿಯಾ? ಅವರು ಇಲ್ಲೇ ಕೆಂಟನ್ನಿನಲ್ಲಿ ಇದ್ದಾರಲ್ಲ. ಸ್ಟ್ರೋಕ್ ಆಗಿದೆ." ಮುಕುಂದ. ಪೋಸ್ಟರ್ ನೋಡಿ ಬಂದಿದ್ದನಂತೆ. ಹೊಸ ಮುಖವೊಂದು ಹಿಂದೆ ಕೂತದ್ದು ಕಂಡಿತ್ತು, ಮಾತಿನ ಭರದಲ್ಲಿ ಯಾರೆಂದು ನೋಡಿರಲಿಲ್ಲ.

ಕೀತ್ ಕನ್ನಡಕ ತೆಗೆದು ಒರೆಸತೊಡಗಿದ. ಬೈದಿದ್ದರೆ ಚೆನ್ನಾಗಿತ್ತು. ಕೋಟಿನ ತೋಳು ಸಿಗದೆ ಅರ್ಧ ಹಾಕಿಕೊಂಡೇ ಹೊರಗೆ ಬಂದೆ.

ಬಸ್ ಸ್ಟಾಪಿಗೆ ಮುಕುಂದ ಓಡಿ ಬಂದ. "ವೈನಿ, ನನಗ ಗೊತ್ತಿರಲಿಲ್ರಿ. ಬಾಯಿ ತಪ್ಪಿ ಅಂದ್ಬಿಟ್ಟೆ."

"ನಿಂದೇನ್ ತಪ್ಪಪ್ಪಾ? ಖರೇನ ಅಂದಿ."

"ಯಾಕ ಹಿಂಗ ಮಾಡಿದ್ರಿ ವೈನಿ? ಅವತ್ತ ಅಂಗಡಿಯಾಗ ನೋಡಿದಾಗಿಂದ ಗಾರ್ಗಿ ದಿನಾ ಹೇಳ್ತಾಳ, ಅಣ್ಣಾರನ್ನ ನೋಡಿ ಬರೂಣು ಅಂತ. ಅವತ್ತ ಮನಿಗೆ ಬಂದು ಅತ್ಲು ರೀ. ಎಷ್ಟ ಸಲ ಫೋನ್ ಮಾಡೇವಿ."

ಗಾರ್ಗಿ ಬಾಯಿಗೆ ಕೈ ಹಿಡಿದದ್ದು ಅಸಹ್ಯಕ್ಕೆಂದು ನಾನು ತಿಳಿದಿದ್ದೆ. ಅವಳು ಅಳು ತಡೆದುಕೊಂಡಿದ್ದಳು.

ಮಾರ್ಚ್ ೭, ಶುಕ್ರವಾರ

ಇವರಿಗೆ ಎಲ್ಲ ಹೇಳಿದೆ. ಕುರ್ಚಿಯ ಎದುರು ಸ್ಟೂಲ್ ಹಾಕಿಕೊಂಡು ಕೂತು ಹೇಳಿದೆ. ಇಂಡಿಯಾ, ಬಸ್ಸು, ಸ್ಲೈಡು, ಪರ್ಲ್, ಮುಕುಂದ. "ಮಂದಿ ನಿಮ್ಮನ್ನ ನೋಡಬಾರದು ಅಂತ ಮಾಡಿದ್ನಿ. ನಿಮ್ಮ ಸಲುವಾಗಿ ಅಂದುಕೊಂಡಿದ್ದೆ. ನನ್ನ ಸಲುವಾಗೇ ಮಾಡಿದ್ದು. ನನಗ ನಾಚಿಕಿ ಆಗ್ತಿತ್ತು."

ಕೇಳಿಸಿಕೊಂಡರು. ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು, ತಡವರಿಸದೆ, "ನಿನ್ನವ್ವನ," ಎಂದರು.

ಈ ಸಲ ತಪ್ಪಿ ಬಂದ ಮಾತಲ್ಲ ಅದು.

ಮಾರ್ಚ್ ೧೦, ಸೋಮವಾರ

ನನ್ನ ಕೈಯಿಂದ ಉಣ್ಣುತ್ತಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ತಾವೇ ಉಣ್ಣುತ್ತಾರೆ. ಅರ್ಧ ಅಂಗಿಯ ಮೇಲೆ. ಒರೆಸಲು ಹೋದರೆ ಕೈ ಸರಿಸುತ್ತಾರೆ.

ಮಾರ್ಚ್ ೧೩, ಗುರುವಾರ

ಇವತ್ತು ಉಪನ್ಯಾಸವಿಲ್ಲ. ಕೊನೆಯದು ಮುಂದಿನ ವಾರ. ಬೆಳಗ್ಗೆ ಕೀತ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ನಮ್ಮ ಮೇಲೆ ನಂಬಿಕೆ ಇರಲಿಲ್ಲವಲ್ಲ ನಿಮಗೆ," ಎಂದಷ್ಟೇ ಅಂದ. ಅದೇ ದಿನವಿಡೀ ಕಿವಿಯಲ್ಲಿದೆ.

ಮಧ್ಯಾಹ್ನ ಇವರ ಹತ್ತಿರ ಹೋದೆ. "ಪರ್ಲ್ ಬಾಯಿ ಕೇಳಿದ್ರಲ್ಲ, ಅವರ ಮಂದಿ ಯುದ್ಧದಾಗ ಏನ್ ಮಾಡಿದ್ರು ಅಂತ. ಮಿಲಿಕನ್ಸ್ ಬೆಂಡ್ ಓದೇನಿ. ಬಂದೂಕು ಕೈಗೆ ಬಂದು ಭಾಳ ದಿನ ಆಗಿರಲಿಲ್ಲಂತ, ಆದ್ರೂ ಎದಿಗೊಟ್ಟು ನಿಂತ್ರಂತ. ಇನ್ನೇನರ ಐತೇನ್ರಿ ಹೇಳೂದು?"

ಗೋಡೆಯ ಕಡೆ ನೋಡುತ್ತಿದ್ದವರು ತಿರುಗಿದರು. ಬಾಯಿ ತೆರೆದರು. ಏನೋ ಒಂದಕ್ಕಾಗಿ ತಡಕಾಡಿದರು. "ನೀರು... ಅವಾ... ನೀರು..." ಕುತ್ತಿಗೆಯ ನರ ಉಬ್ಬಿತು. ಕೋಲು ಹಿಡಿದು ಎದ್ದೇಬಿಟ್ಟರು. ಹಿತ್ತಿಲ ಬಾಗಿಲ ಮೊಳೆಗೆ ನೇತುಹಾಕಿದ್ದ ನನ್ನ ಹುಲ್ಲಿನ ಟೊಪ್ಪಿಗೆ ತೆಗೆದು ತಲೆಗೆ ಇಟ್ಟುಕೊಂಡು ಹುಬ್ಬಿನವರೆಗೆ ಎಳೆದರು. ಬಲಗೈಯನ್ನು ಎಡಗೈಯಿಂದ ಎತ್ತಿ ಎದೆಯ ಮೇಲೆ ಕಟ್ಟಿಕೊಂಡರು, ದೊಡ್ಡ ಸಾಹೇಬನ ಹಾಗೆ. ಆಮೇಲೆ ಸಿಳ್ಳೆ ಹಾಕಿದರು! ಉದ್ದ, ಉದ್ದ, ಗಿಡ್ಡ. ಸಿಳ್ಳೆ ಹಾಕಲು ಬರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಇವರೂ ಗಾಬರಿಯಾದರು.

ಫ್ರಿಜ್ಜಿನ ಮುಂದೆ ಬಂದು ಸಿಳ್ಳೆ, ಕಪಾಟಿನ ಮುಂದೆ ಬಂದು ಸಿಳ್ಳೆ. ಕೊನೆಗೆ ಒಗೆಯಲು ತೆಗೆದಿಟ್ಟ ಬಿಳಿ ದುಪ್ಪಟಿ ಎತ್ತಿ ಬೀಸಿದರು.

ಅರ್ಥವಾಗಲಿಲ್ಲ. ಆಗಲಿಲ್ಲವೆಂದೇ ಹೇಳಿದೆ. ಮತ್ತೆ ಮೊದಲಿನಿಂದ ಮಾಡಿ ತೋರಿಸಿದರು. ಇವರ ಪುಸ್ತಕಗಳ ಚಿತ್ರಗಳನ್ನು ಒಂದೊಂದಾಗಿ ಮುಂದೆ ಹಿಡಿಯುತ್ತ ಹೋದೆ. ಒಂದರ ಮೇಲೆ ಬೆರಳು ಊರಿದರು. 'ಪ್ಲಾಂಟರ್' ಎಂಬ ಉಗಿಹಡಗು. ೧೮೬೨ರ ಮೇ. ಚಾರ್ಲ್ಸ್‌ಟನ್ ಬಂದರಿನಲ್ಲಿ ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ಹಡಗು ನಡೆಸುತ್ತಿದ್ದ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ಮತ್ತು ಅವನ ಜೊತೆಗಾರರು ತಮ್ಮ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಹೊರಟರು. ಅವನು ಕ್ಯಾಪ್ಟನ್ನನ ಹುಲ್ಲಿನ ಟೊಪ್ಪಿಗೆ ಹಾಕಿಕೊಂಡು, ಕೈಕಟ್ಟಿ ನಿಂತು, ಪ್ರತಿ ಕೋಟೆಯ ಮುಂದೆ ಸರಿಯಾದ ಸಿಳ್ಳೆ ಕೊಟ್ಟು ದಾಟಿಸಿದ. ಉತ್ತರದವರ ಹಡಗು ಕಂಡಾಗ ದುಪ್ಪಟಿ ಹಾರಿಸಿದ.

ನಾನು ನಕ್ಕೆ. ಇವರೂ ನಕ್ಕರು, ಅರ್ಧ ಮುಖದಿಂದ. ಆಮೇಲೆ ಇಬ್ಬರಿಗೂ ನಾವು ಮಾತು ಬಿಟ್ಟದ್ದು ನೆನಪಾಯಿತು.

"ಮುಂದಿನ ಗುರುವಾರ ನನ್ನ ಜೋಡಿ ಹಾಲಿಗೆ ಬರ್ತೀರೇನ್ರಿ?"

"ಬ್ಯಾಡ."

ಒಂದು ಕೈಯಲ್ಲಿ ಇವರ ಕೋಟು, ಇನ್ನೊಂದರಲ್ಲಿ ಮನೆಯ ಚಪ್ಪಲಿ ಹಿಡಿದು ಮುಂದೆ ನಿಂತೆ. ಚಪ್ಪಲಿ ಮುಟ್ಟಲಿ ಎಂದು ಒಳಗೊಳಗೇ ಆಸೆಯಿತ್ತು. ಇಷ್ಟೆಲ್ಲ ಆದ ಮೇಲೂ ಇತ್ತು.

ಕೋಟು ಹಿಡಿದುಕೊಂಡರು.

ಮಾರ್ಚ್ ೨೦, ಗುರುವಾರ

ಹಾಲಿನ ಬಾಗಿಲಿಗೆ ಹೋಗುವಾಗ ಇವರು ನನ್ನ ತೋಳು ಬಿಟ್ಟು ಕೋಲು ಊರಿಕೊಂಡು ಒಬ್ಬರೇ ನಡೆದರು. ನಿಧಾನಕ್ಕೆ. ಜನ ಎದ್ದು ನಿಂತರು. ಕೀತ್ ಇವರ ಬಲಗೈ ಕುಲುಕಲು ಹೋಗಿ, ತಡೆದು, ಎಡಗೈ ಹಿಡಿದುಕೊಂಡ. ಮುಕುಂದ, ಗಾರ್ಗಿ, ಅಂಕಿತಾ ಹಿಂದಿನ ಸಾಲಿನಲ್ಲಿ. ಅಂಕಿತಾ ನನ್ನ ಕಡೆ ನೋಡಲಿಲ್ಲ.

ಮೊದಲು ನಾನೇ ಮಾತಾಡಿದೆ. ಶರಣ್ ಇಂಡಿಯಾಕ್ಕೆ ಹೋಗಿರಲಿಲ್ಲ, ನಾನು ಸುಳ್ಳು ಹೇಳಿದ್ದೆ, ಪರ್ಲ್‌ಗೆ ಕೊಟ್ಟ ಉತ್ತರ ತಪ್ಪು, ಇವರು ಆಕೆಗೆಂದು ಮಾಡಿದ ಸ್ಲೈಡನ್ನು ತೆಗೆದವಳೂ ನಾನೇ ಎಂದೆ. ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅರ್ಧ ಮರೆತುಹೋಯಿತು. ಪರ್ಲ್ ತಲೆಯಾಡಿಸಿದಳು. ಪರವಾಗಿಲ್ಲ ಎಂದಲ್ಲ, ಕೇಳಿಸಿತು ಎಂದಷ್ಟೇ.

ಆಮೇಲೆ ಮೊಬೀಲ್ ಕೊಲ್ಲಿ. ೧೮೬೪ರ ಆಗಸ್ಟ್. ನೀರಿನಡಿಯಲ್ಲಿ ಸಿಡಿಗುಂಡು ಹುದುಗಿಸಿದ್ದರು. 'ಟೆಕಮ್ಸೆ' ಎಂಬ ಕಬ್ಬಿಣದ ಹಡಗು ಅದಕ್ಕೆ ಸಿಕ್ಕಿ ನೋಡನೋಡುತ್ತಲೇ ಮುಳುಗಿತು. ಮೇಲೆ ಹೋಗುವ ಏಣಿಯ ಬುಡದಲ್ಲಿ ಕ್ಯಾಪ್ಟನ್ ಮತ್ತು ಹಡಗಿಗೆ ದಾರಿ ತೋರುವ ಪೈಲಟ್ ಒಟ್ಟಿಗೆ ಸಿಕ್ಕರಂತೆ. ಕ್ಯಾಪ್ಟನ್ ಪಕ್ಕಕ್ಕೆ ಸರಿದು, ನೀವು ಮೊದಲು ಹೋಗಿ ಎಂದನಂತೆ. ಪೈಲಟ್ ಬದುಕಿದ. ಇದನ್ನು ಬೇಗ ಮುಗಿಸಿದೆ.

ಮಿಲಿಕನ್ಸ್ ಬೆಂಡಿನ ಸ್ಲೈಡ್ ಹಾಕಿ ಇವರು ಬರೆದದ್ದನ್ನೆಲ್ಲ ಓದಿದೆ, ಒಂದು ಸಾಲೂ ಬಿಡದೆ. ಕೊನೆಗೆ ಪ್ಲಾಂಟರ್. ಇವರು ಟೊಪ್ಪಿಗೆ ಹಾಕಿಕೊಂಡು ಎದ್ದರು. ನಾನು ಪಕ್ಕದಲ್ಲಿ ನಿಂತು ಕತೆ ಹೇಳಬೇಕೆಂದು ಮಾತಾಗಿತ್ತು. ಮೊದಲ ಕೋಟೆಯ ಮುಂದೆ ಇವರು ಸಿಳ್ಳೆಗೆ ಉಸಿರು ಹಿಡಿದಿದ್ದಾಗಲೇ ನನ್ನ ಬಾಯಿ ಮುಂದೋಡಿತು. ಎಡಗೈ ಎತ್ತಿ ತಡೆದರು. ಎರಡನೆಯ ಕೋಟೆಯ ಹತ್ತಿರವೂ ಹಾಗೇ ಆಯಿತು. ಮತ್ತೆ ಕೈ ಎತ್ತಿದರು. ಮೂರನೆಯದಕ್ಕೆ ನಾನು ಸುಮ್ಮನೆ ನಿಂತೆ. ಸಿಳ್ಳೆ ಸರಿಯಾಗಿ ಬರಲಿಲ್ಲ, ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದರು. ಬಂತು. ಪರ್ಲ್ ಕೂತಲ್ಲಿಂದಲೇ ಅದೇ ಸಿಳ್ಳೆಯನ್ನು ತಿರುಗಿಸಿ ಹಾಕಿದಳು, ಕೋಟೆಯವರು ದಾರಿ ಬಿಟ್ಟಂತೆ. ಇವರ ಮುಖ ನೋಡಬೇಕಿತ್ತು.

ಚಹಾದ ಹೊತ್ತಿಗೆ ಗಾರ್ಗಿ ಇವರ ಪಕ್ಕ ಕೂತು ಏನೇನೋ ಹೇಳುತ್ತಿದ್ದಳು. ಕೀತ್ ನನ್ನ ಹತ್ತಿರ ಬಂದು ಕೇಳಿದ, "ಮುಂದಿನ ಚಳಿಗಾಲದ್ದು ನೀವೇ ಮಾಡುತ್ತೀರಾ? ಜನ ನಿಮ್ಮನ್ನು ಇಷ್ಟಪಟ್ಟಿದ್ದಾರೆ."

ಹೌದು ಎನ್ನುವುದು ನಾಲಿಗೆಯ ಮೇಲೇ ಇತ್ತು. "ಅವರನ್ನು ಕೇಳಿ," ಎಂದೆ.

ಕೀತ್ ಇವರ ಮುಂದೆ ಬಗ್ಗಿ ಕೇಳಿದ. ಇವರು ಕಪ್ಪು ಕೆಳಗಿಟ್ಟರು. ಉತ್ತರ ಹುಡುಕತೊಡಗಿದರು. ಹೊತ್ತಾಯಿತು. ಯಾರೋ ಕೆಮ್ಮಿದರು, ಯಾರೋ ಕುರ್ಚಿ ಮಡಚುವುದನ್ನು ನಿಲ್ಲಿಸಿದರು. ಇವರು ಏನು ಹೇಳಬಹುದೆಂದು ನನಗೆ ನಾಲ್ಕಾರು ಮಾತು ಹೊಳೆದವು. ಒಂದನ್ನೂ ಆಡಲಿಲ್ಲ.

"ನಾ," ಎಂದರು ಕೊನೆಗೆ. ಎದೆ ಮುಟ್ಟಿಕೊಂಡು ಮತ್ತೊಮ್ಮೆ, "ನಾ."

ಕೀತ್ ನನ್ನ ಮುಖ ನೋಡಿದ. "ಅವರೇ ಮಾಡುತ್ತಾರಂತೆ," ಎಂದೆ.

ಖುಷಿಯಾಗಬೇಕಿತ್ತು. ಮೊದಲು ಆದದ್ದು ಹೊಟ್ಟೆಕಿಚ್ಚು. ಇಲ್ಲಿ ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಬರೆದಿಡುತ್ತೇನೆ.

ಮುಕುಂದ ಕಾರಿನಲ್ಲಿ ಬಿಡುತ್ತೇನೆಂದ. ಇವರು ಬಸ್ಸಿನ ಕಡೆ ಕೈ ತೋರಿಸಿದರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಕೇಳಿದೆ, "ಮುಂದಿನ ವರ್ಷ ಯಾವ ಯುದ್ಧರಿ?" ಇವರು ಬಾಯಿ ತೆರೆದರು, ಮುಚ್ಚಿದರು, ಕಿಟಕಿಯಾಚೆ ನೋಡಿದರು, ಮತ್ತೆ ತೆರೆದರು. ನಮ್ಮ ಸ್ಟಾಪ್ ಬಂತು. ಮನೆ ಬಂತು. ಈಗ ಕುರ್ಚಿಯಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದಾರೆ. ಅನ್ನಕ್ಕಿಡಲು ಹೊತ್ತಾಯಿತು, ಆದರೂ ಉತ್ತರ ಕೇಳದೆ ನಾನು ಎದ್ದಿಲ್ಲ.